ಕಾರನ್ನು ದಿನಾ ಒರೆಸಬೇಡಿ

ಪ್ರಶ್ನೆ: ನನ್ನದು ಕಡು ನೀಲಿ ಬಣ್ಣದ ಹ್ಯಾಚ್‌ಬ್ಯಾಕ್. ತಗೊಂಡು ಎರಡು ವರ್ಷ ಆಯಿತು. ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟ್, ಓಪನ್ ಪಾರ್ಕಿಂಗ್, ಪಕ್ಕದಲ್ಲೇ ಮಾವಿನ ಮರ. ನೀರಿನ ತೊಂದರೆಯಿಂದಾಗಿ ತಿಂಗಳಿಗೊಮ್ಮೆ ಮಾತ್ರ ಹೊರಗೆ ವಾಶ್ ಮಾಡಿಸುತ್ತೇನೆ. ಮಿಕ್ಕ ದಿನ ಬೆಳಿಗ್ಗೆ ಒಬ್ಬರು ಬಂದು ಒದ್ದೆ ಬಟ್ಟೆಯಲ್ಲಿ ಒರೆಸಿ ಹೋಗುತ್ತಾರೆ. ಆದರೂ ಬಿಸಿಲಲ್ಲಿ ನೋಡಿದರೆ ಬಾನೆಟ್ ತುಂಬ ಸುತ್ತು ಸುತ್ತಾದ ಸಣ್ಣ ಗೀರುಗಳು. ಅಲ್ಲಲ್ಲಿ ಹಕ್ಕಿ ಹಿಕ್ಕೆಯ ಕಲೆ ಬೇರೆ. ಎರಡು ವಾಶ್‌ಗಳ ನಡುವೆ ಕಾರನ್ನು ಚೆನ್ನಾಗಿಟ್ಟುಕೊಳ್ಳುವುದು ಹೇಗೆ? ಕವರ್ ಹಾಕಬೇಕಾ? ಪೇಂಟ್ ಮೇಲೆ ಸೆರಾಮಿಕ್ ಕೋಟಿಂಗ್ ಅನ್ನುವ ರಕ್ಷಣಾ ಪದರ ಹಾಕಿಸಿದರೆ ಈ ತಲೆನೋವು ತಪ್ಪುತ್ತದಾ?

ಉತ್ತರ: ನಿಮ್ಮ ಬಾನೆಟ್ ಮೇಲಿನ ಗೀರುಗಳು ಧೂಳು ಕೂತಿದ್ದರಿಂದ ಬಂದವಲ್ಲ. ಆ ಧೂಳನ್ನು ದಿನಾ ಒರೆಸಿದ್ದರಿಂದ ಬಂದವು. ಹಾಗಾಗಿ ನನ್ನ ಮೊದಲ ಸಲಹೆ ಸ್ವಲ್ಪ ವಿಚಿತ್ರ ಅನಿಸಬಹುದು. ನಾಳೆಯಿಂದಲೇ ದಿನಾ ಒರೆಸುವುದನ್ನು ನಿಲ್ಲಿಸಿ. ಎರಡು ವಾಶ್‌ಗಳ ನಡುವೆ ಕಾರನ್ನು ಎಷ್ಟು ಕಡಿಮೆ ಮುಟ್ಟುತ್ತೀರೋ ಪೇಂಟ್‌ಗೆ ಅಷ್ಟು ಒಳ್ಳೆಯದು. ಆದರೆ ಕೆಲವು ಕೊಳೆಯನ್ನು ಮಾತ್ರ ಒಂದು ದಿನವೂ ಬಿಡುವ ಹಾಗಿಲ್ಲ. ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು ಅನ್ನುವುದು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಕಾರಿನ ಪೇಂಟ್ ನಾವು ಅಂದುಕೊಂಡಷ್ಟು ದಪ್ಪ ಇರುವುದಿಲ್ಲ. ತಗಡಿನ ಮೇಲೆ ತುಕ್ಕು ತಡೆಯುವ ಒಂದು ಪದರ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್. ಎಲ್ಲಾ ಸೇರಿ ಸಾಮಾನ್ಯವಾಗಿ 100ರಿಂದ 140 ಮೈಕ್ರಾನ್. ಅಂದರೆ ಒಂದು ಮಿಲಿಮೀಟರಿನ ಏಳನೇ ಒಂದು ಭಾಗದಷ್ಟೂ ಇಲ್ಲ. ಅದರಲ್ಲಿ ಕ್ಲಿಯರ್ ಕೋಟ್ ಪಾಲು 35ರಿಂದ 50 ಮೈಕ್ರಾನ್. ಹೊಳಪೆಲ್ಲ ಇರುವುದು ಈ ಪದರದಲ್ಲೇ. ಕೆಳಗಿನ ಬಣ್ಣವನ್ನು ಬಿಸಿಲಿನಿಂದ ಕಾಯುವುದೂ ಇದೇ. ನೀವು ನೋಡುತ್ತಿರುವ ಗೀರುಗಳೂ ಇದರ ಮೇಲೇ ಇವೆ.

ಇನ್ನು ನಮ್ಮೂರಿನ ಧೂಳು. ಲಾಲ್‌ಬಾಗ್ ಗುಡ್ಡದ ಬಂಡೆ ನೋಡಿದ್ದೀರಲ್ಲ, ಬೆಂಗಳೂರಿನ ನೆಲದಡಿ ಇರುವುದು ಆ ಜಾತಿಯ ಕಲ್ಲೇ. ಅದರಲ್ಲಿ ಬೆಣಚುಕಲ್ಲಿನ ಹರಳುಗಳು ಇರುತ್ತವೆ. ಕಲ್ಲು ಸವೆದು ಮಣ್ಣಾದರೂ ಈ ಹರಳು ಕರಗುವುದಿಲ್ಲ, ಸಣ್ಣದಾಗುತ್ತದೆ ಅಷ್ಟೇ. ಜೊತೆಗೆ ಪ್ರತಿ ರಸ್ತೆಯಲ್ಲೂ ಒಂದು ಕಟ್ಟಡ ಏಳುತ್ತಿದೆ. ಅಲ್ಲಿ ಸುರಿದಿರುವ ಎಂ-ಸ್ಯಾಂಡ್ ಅಂದರೆ ಕ್ರಷರ್‌ನಲ್ಲಿ ಪುಡಿ ಮಾಡಿದ ಕಲ್ಲು. ಹೊಳೆಯಲ್ಲಿ ಉರುಳಿ ನುಣುಪಾದ ಮರಳಲ್ಲ ಅದು, ಅಂಚೆಲ್ಲ ಚೂಪು. ಬೆಣಚುಕಲ್ಲಿನ ಗಟ್ಟಿತನ ಮೋಸ್ ಅಳತೆಯಲ್ಲಿ 7. ಚಾಕುವಿನ ಉಕ್ಕು ಸುಮಾರು 5.5. ಚಾಕುವಿನ ಮೇಲೇ ಗೀರು ಹಾಕಬಲ್ಲ ಹರಳು ಬಟ್ಟೆಯಡಿ ಸಿಕ್ಕಿಕೊಂಡರೆ ಆ ಬಟ್ಟೆ ಉಪ್ಪುಕಾಗದದ ಕೆಲಸವನ್ನೇ ಮಾಡುತ್ತದೆ. ಕೈ ಸುತ್ತು ಸುತ್ತಾಗಿ ಆಡುವುದರಿಂದ ಗೀರೂ ಸುತ್ತು ಸುತ್ತಾಗಿ ಬೀಳುತ್ತದೆ. ಬಿಳಿ, ಸಿಲ್ವರ್ ಕಾರುಗಳಲ್ಲೂ ಇದು ಇದ್ದೇ ಇರುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಕಡು ನೀಲಿ, ಕಪ್ಪು ತಗೊಂಡವರಿಗೆ ಮಾತ್ರ ಈ ಸಂಕಟ.

ಒಂದು ದಿನ ಬೆಳಿಗ್ಗೆ ಬೇಗ ಕೆಳಗಿಳಿದು ನೋಡಿ. ನವೆಂಬರ್, ಡಿಸೆಂಬರ್ ಆದರೆ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ರಾತ್ರಿಯ ಇಬ್ಬನಿ ಬಿದ್ದು ಧೂಳೆಲ್ಲ ಬಾನೆಟ್‌ಗೆ ಅಂಟಿಕೊಂಡಿರುತ್ತದೆ. ಒರೆಸುವವರು ಒಂದು ಬಕೆಟ್ ನೀರು ಹಿಡಿದು ಸಾಲಾಗಿ ಬರುತ್ತಾರೆ. ಕೈಯಲ್ಲಿರುವುದು ಹಳೇ ಟವಲ್ಲೋ ಬನಿಯನ್ ಬಟ್ಟೆಯೋ. ನಿಮ್ಮ ಕಾರಿನ ಹತ್ತಿರ ಬರುವಷ್ಟರಲ್ಲಿ ಬಕೆಟ್ ನೀರು ಕೆಂಪಗಾಗಿರುತ್ತದೆ. ಬಾಗಿಲಿನ ಕೆಳಭಾಗದ ಕೆಸರು ಒರೆಸಿದ ಬಟ್ಟೆಯನ್ನು ಅದೇ ನೀರಿಗೆ ಅದ್ದಿ, ಹಿಂಡಿ, ಬಾನೆಟ್ ಮೇಲೆ ಎಳೆಯುತ್ತಾರೆ. ಪಕ್ಕದ ಮನೆಯವರ ಕಾರಿನ ಮರಳೂ ನಿಮ್ಮ ಪೇಂಟ್ ಮೇಲೆ ಓಡಾಡಿ ಹೋಗುತ್ತದೆ. ಎರಡೇ ನಿಮಿಷ. ಒಣಗಿದಾಗ ಕಾರು ಫಳಫಳ ಅನ್ನುತ್ತದೆ, ನಮಗೂ ಖುಷಿ.

ಇದರಲ್ಲಿ ಒರೆಸುವವರ ತಪ್ಪೇನೂ ಇಲ್ಲ. ಆಫೀಸ್ ಹೊತ್ತಿಗೆ ಮುಂಚೆ ಅಷ್ಟೂ ಕಾರು ಮುಗಿಸಬೇಕು. ಒಂದು ಕಾರಿಗೆ ತಿಂಗಳಿಗೆ ಕೊಡುವ ದುಡ್ಡಲ್ಲಿ ಅವರು ಇನ್ನೇನು ಮಾಡಿಯಾರು? ಅವರನ್ನು ಬಿಡಿಸಬೇಡಿ. ಕೆಲಸ ಬದಲಾಯಿಸಿ. "ಅಣ್ಣ, ಬಾಡಿ ದಿನಾ ಒರೆಸಬೇಡಿ. ಗ್ಲಾಸು, ಕನ್ನಡಿ, ಲೈಟು, ನಂಬರ್ ಪ್ಲೇಟ್ ದಿನಾ ನೋಡಿಕೊಳ್ಳಿ. ಬಾಡಿ ವಾರಕ್ಕೊಂದು ಸಲ, ನಾನು ಕೊಡುವ ಬಟ್ಟೆಯಲ್ಲಿ, ನಾನು ಹೇಳಿದ ಹಾಗೆ. ದುಡ್ಡು ಅಷ್ಟೇ ಕೊಡ್ತೀನಿ" ಅನ್ನಿ. ಮೊದಲ ಸಲ ಜೊತೆಗೆ ನಿಂತು ತೋರಿಸಿ. ಬೇಡ ಅನ್ನುವವರು ಯಾರೂ ಇರುವುದಿಲ್ಲ. ಹಿಂದಿನ ಕ್ಯಾಮೆರಾ ಇದ್ದರೆ ಅದರ ಪುಟ್ಟ ಗಾಜೂ ದಿನದ ಲೆಕ್ಕಕ್ಕೇ ಸೇರಲಿ.

ಒಣ ಧೂಳು ಮಾತ್ರ ಇದ್ದರೆ ಏನು ಮಾಡುವುದು? ಏನೂ ಮಾಡಬೇಡಿ. ಸುಮ್ನೆ ಬಿಡಿ. ಅದು ವಾರಗಟ್ಟಲೆ ಕೂತಿದ್ದರೂ ಪೇಂಟ್‌ಗೆ ದೊಡ್ಡ ಹಾನಿ ಇಲ್ಲ. ಹೊರಗೆ ಮದುವೆಗೋ ನಾಮಕರಣಕ್ಕೋ ಹೊರಟಿದ್ದೀರಿ, ಹೀಗೆ ಹೋಗಲು ಮುಜುಗರ ಅಂದರೆ ಮೇಣ ಸವರಿದ ಹತ್ತಿ ಎಳೆಗಳ ಡಸ್ಟರ್ ಸಿಗುತ್ತದೆ. ಪುಣೆಯ ಜೋಪಾಸು ಡಸ್ಟರ್ ಎಲ್ಲರಿಗೂ ಗೊತ್ತಿರುವಂಥದ್ದು. ಅದರ ಎಳೆಗಳಲ್ಲಿರುವ ಮೇಣ ಧೂಳನ್ನು ಹಿಡಿದು ಮೇಲೆತ್ತಿಕೊಳ್ಳುತ್ತದೆ. ಒತ್ತಬಾರದು. ಡಸ್ಟರ್‌ನ ಭಾರ ಎಷ್ಟಿದೆಯೋ ಅಷ್ಟೇ ಕಾರಿನ ಮೇಲೆ ಬೀಳಬೇಕು. ಒಂದೇ ದಿಕ್ಕಿಗೆ ಎಳೆದು, ಪ್ರತಿ ಪ್ಯಾನೆಲ್ ಆದಮೇಲೆ ಕೊಡವಬೇಕು. ಇಬ್ಬನಿ ಇದ್ದಾಗ, ಹನಿ ಮಳೆ ಬಿದ್ದು ಒಣಗಿದಾಗ, ಕೆಸರು ಹಾರಿದಾಗ ಡಸ್ಟರ್ ಮುಟ್ಟಲೇಬೇಡಿ. ಕೋಳಿ ಪುಕ್ಕದ ಡಸ್ಟರ್ ಬೇಡವೇ ಬೇಡ. ಪುಕ್ಕ ಉದುರಿದರೆ ಅದರ ಗಟ್ಟಿ ಕಡ್ಡಿ ಸೀದಾ ಪೇಂಟ್‌ಗೆ ತಾಗುತ್ತದೆ. ಅಂದಹಾಗೆ, ಧೂಳು ಕೂತ ಗ್ಲಾಸ್ ಮೇಲೆ ಒಣ ವೈಪರ್ ಓಡಿಸುವ ಅಭ್ಯಾಸ ಬಹಳ ಜನಕ್ಕಿದೆ. ಮೊದಲು ನೀರು ಚಿಮ್ಮಿಸಿ. ಆಗಾಗ ವೈಪರ್ ಎತ್ತಿ ಅದರ ರಬ್ಬರನ್ನು ಒದ್ದೆ ಬಟ್ಟೆಯಲ್ಲಿ ಒಮ್ಮೆ ಎಳೆಯಿರಿ. ಬಟ್ಟೆಗೆ ಹತ್ತುವ ಕಪ್ಪು ನೋಡಿದರೆ ನಿಮಗೇ ಗೊತ್ತಾಗುತ್ತದೆ.

ಈಗ ಬಿಡಬಾರದ ಕೊಳೆಗೆ ಬರೋಣ. ಇದರಲ್ಲಿ ಮೊದಲನೆಯದು ಹಕ್ಕಿ ಹಿಕ್ಕೆ. ಅದರಲ್ಲಿ ಯೂರಿಕ್ ಆಮ್ಲ ಇರುತ್ತದೆ, ಹಕ್ಕಿ ತಿಂದ ಬೀಜ, ಮರಳಿನ ಚೂರೂ ಇರುತ್ತದೆ. ಬೇಸಿಗೆಯಲ್ಲಿ ಬಾನೆಟ್ ಕೈ ಇಡಲಾಗದಷ್ಟು ಕಾಯುತ್ತದೆ. ಕಾದಾಗ ಕ್ಲಿಯರ್ ಕೋಟ್ ಮೆತ್ತಗಾಗುತ್ತದೆ, ರಾತ್ರಿ ತಣ್ಣಗಾದಾಗ ಬಿಗಿಯುತ್ತದೆ. ಆಗ ಮೇಲೆ ಒಣಗಿ ಕೂತ ಹಿಕ್ಕೆಯ ಅಚ್ಚು ಪೇಂಟ್‌ನಲ್ಲೇ ಉಳಿದುಬಿಡುತ್ತದೆ. ಹಿಕ್ಕೆ ತೆಗೆದರೂ ಮಂಕು ಕಲೆ ಹೋಗದಿರುವುದು ಇದಕ್ಕೇ. ಏಪ್ರಿಲ್ ಬಿಸಿಲಲ್ಲಿ ಇದಕ್ಕೆ ಒಂದೇ ದಿನ ಸಾಕು.

ತೆಗೆಯುವ ರೀತಿ ಮುಖ್ಯ. ಒಣಗಿದ ಹಿಕ್ಕೆಯನ್ನು ಉಗುರಲ್ಲಿ ಕೆರೆಯಬೇಡಿ, ಒಣ ಟಿಶ್ಯೂನಲ್ಲಿ ಉಜ್ಜಬೇಡಿ. ಒಂದು ಟಿಶ್ಯೂ ಮಡಚಿ, ನೀರಲ್ಲಿ ಚೆನ್ನಾಗಿ ನೆನೆಸಿ, ಹಿಕ್ಕೆಯ ಮೇಲೆ ಹರವಿ ಐದು ನಿಮಿಷ ಬಿಡಿ. ಬಿಸಿಲು ಜಾಸ್ತಿ ಇದ್ದರೆ ಮಧ್ಯೆ ಇನ್ನೊಂದಿಷ್ಟು ನೀರು ಚಿಮುಕಿಸಿ. ಅದು ಮೆತ್ತಗಾದ ಮೇಲೆ ಟಿಶ್ಯೂವನ್ನು ಎರಡೂ ಕಡೆಯಿಂದ ಒಳಕ್ಕೆ ಸೇರಿಸಿ, ಚಿವುಟಿದ ಹಾಗೆ ಮೇಲೆತ್ತಿ. ಬಹುಪಾಲು ಅದರ ಜೊತೆಗೇ ಬರುತ್ತದೆ. ಉಳಿದದ್ದಕ್ಕೆ ಇನ್ನೊಂದು ಒದ್ದೆ ಟಿಶ್ಯೂ. ಕೊನೆಗೆ ಮೆತ್ತನೆಯ ಬಟ್ಟೆಯಲ್ಲಿ ಒತ್ತಿ ನೀರು ಹೀರಿಸಿ. ಡೋರ್ ಪಾಕೆಟ್‌ನಲ್ಲಿ ಒಂದು ಸ್ಪ್ರೇ ಬಾಟಲಿ, ಟಿಶ್ಯೂ, ಎರಡು ಮೈಕ್ರೋಫೈಬರ್ ಬಟ್ಟೆ ಯಾವಾಗಲೂ ಇರಲಿ. ಬಾವಲಿಯ ಹಿಕ್ಕೆಗೂ ಇದೇ ಮದ್ದು. ಗಸಗಸೆ ಹಣ್ಣಿನ ಮರ, ಅತ್ತಿ ಮರದ ಕೆಳಗೆ ರಾತ್ರಿ ಕಾರು ನಿಲ್ಲಿಸುವವರಿಗೆ ಬಾವಲಿ ಅಂದರೆ ಏನು ಅಂತ ನಾನು ಹೇಳಬೇಕಿಲ್ಲ.

ನಿಮ್ಮ ಮಾವಿನ ಮರ ಇನ್ನೊಂದು ಕಥೆ. ಜನವರಿ, ಫೆಬ್ರವರಿಯಲ್ಲಿ ಹೂ ಬಿಟ್ಟಾಗ ಗ್ಲಾಸ್ ಮೇಲೆಲ್ಲ ಅಂಟು ಅಂಟಾದ ಸಣ್ಣ ಹನಿ ಬಿದ್ದಿರುತ್ತದೆ, ಅಲ್ವಾ? ಅದು ಮರದ ಅಂಟು ಅಂತ ಎಲ್ಲರೂ ತಿಳಿದಿರುತ್ತಾರೆ. ಅಲ್ಲ. ಹೂವಿನ ರಸ ಹೀರುವ ಜಿಗಿಹುಳುಗಳು ಹೊರಹಾಕುವ ಸಕ್ಕರೆ ನೀರು ಅದು. ಸಕ್ಕರೆಯಾದ್ದರಿಂದ ನೀರಿಗೆ ಕರಗುತ್ತದೆ. ಉಗುರು ಬೆಚ್ಚಗಿನ ನೀರಲ್ಲಿ ನೆನೆಸಿದ ಬಟ್ಟೆಯನ್ನು ಸ್ವಲ್ಪ ಹೊತ್ತು ಇಟ್ಟರೆ ಉಜ್ಜದೇ ಹೋಗುತ್ತದೆ. ವಾರಗಟ್ಟಲೆ ಬಿಟ್ಟರೆ ಮಾತ್ರ ಅದರ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ, ಧೂಳೂ ಅಂಟಿ ಗಟ್ಟಿಯಾಗುತ್ತದೆ. ನಿಜವಾದ ಮರದ ಅಂಟು ಬಿದ್ದಿದ್ದರೆ ನೀರಿಗೆ ಜಗ್ಗುವುದಿಲ್ಲ. ಕೊರೊನಾ ಕಾಲದ ಹ್ಯಾಂಡ್ ಸ್ಯಾನಿಟೈಸರ್ ಮನೆಯಲ್ಲಿ ಉಳಿದಿದ್ದರೆ ಬಟ್ಟೆಗೆ ಸ್ವಲ್ಪ ಹಾಕಿ, ಅಂಟಿನ ಮೇಲೆ ಒತ್ತಿ ಹಿಡಿದು, ಮೆತ್ತಗಾದ ಮೇಲೆ ತೆಗೆದು, ತಕ್ಷಣ ನೀರಲ್ಲಿ ಒರೆಸಿ. ಪೆಟ್ರೋಲ್, ಥಿನ್ನರ್ ಹತ್ತಿರಕ್ಕೂ ತರಬೇಡಿ.

ಆ ಎರಡು ತಿಂಗಳು ಕಾರನ್ನು ಬೇರೆ ಕಡೆ ನಿಲ್ಲಿಸಲು ಜಾಗ ಸಿಕ್ಕರೆ ನಿಲ್ಲಿಸಿ. ನೆರಳೋ ಬಿಸಿಲೋ ಅಂತ ಕೇಳಿದರೆ ನಾನು ನೆರಳನ್ನೇ ಆರಿಸುತ್ತೇನೆ, ಆದರೆ ಮರ ನೋಡಿ. ಬೇವಿನ ಮರ ಆದರೆ ಸಂತೋಷ. ನೇರಳೆ ಮರದ ಕೆಳಗೆ ಜೂನ್, ಜುಲೈನಲ್ಲಿ ಬೇಡ. ಕರೆಂಟ್ ತಂತಿಯ ಕೆಳಗೆ ಯಾವಾಗಲೂ ಬೇಡ, ಪಾರಿವಾಳಗಳ ಅಡ್ಡೆ ಅದು.

ಬೆಂಗಳೂರಿನವರಿಗೆ ಹೊಸದಾಗಿ ಗಂಟುಬಿದ್ದ ಇನ್ನೊಂದು ಪೀಡೆ ಬೇಸ್‌ಮೆಂಟ್ ಸೋರಿಕೆ. ಮನೆಯಲ್ಲಿ ನಿಮಗೆ ಓಪನ್ ಪಾರ್ಕಿಂಗ್ ಇರಬಹುದು, ಆಫೀಸಿನಲ್ಲೋ ಮಾಲ್‌ನಲ್ಲೋ ಬೇಸ್‌ಮೆಂಟೇ ತಾನೆ? ಮೇಲಿನ ಸ್ಲ್ಯಾಬ್‌ನಿಂದ ತೊಟ್ಟಿಕ್ಕುವ ನೀರು ಬರೀ ನೀರಲ್ಲ. ಕಾಂಕ್ರೀಟ್‌ನೊಳಗಿನ ಸುಣ್ಣವನ್ನು ಕರಗಿಸಿಕೊಂಡು ಇಳಿದಿರುತ್ತದೆ. ಒಣಗಿದರೆ ಬಿಳಿ ಗಟ್ಟಿ ಚುಕ್ಕೆ. ಕೆಲವು ದಿನ ಬಿಟ್ಟರೆ ಪೇಂಟನ್ನೇ ತಿನ್ನುತ್ತದೆ. ಪಿಲ್ಲರ್ ಪಕ್ಕ ನೆಲದ ಮೇಲೆ ಬಿಳಿ ಕಲೆಗಳಿದ್ದರೆ ಅಲ್ಲಿ ನಿಲ್ಲಿಸಬೇಡಿ. ಬಿದ್ದೇ ಬಿಟ್ಟಿದ್ದರೆ ಅಡುಗೆಗೆ ಬಳಸುವ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆಯಲ್ಲಿ ಅದ್ದಿ ಚುಕ್ಕೆಯ ಮೇಲೆ ಒಂದೆರಡು ನಿಮಿಷ ಇಡಿ. ಸುಣ್ಣ ಆಮ್ಲಕ್ಕೆ ಕರಗುತ್ತದೆ. ಆಮೇಲೆ ನೀರಲ್ಲಿ ಚೆನ್ನಾಗಿ ಒರೆಸಿ. ನೆರಳಲ್ಲಿ, ತಣ್ಣಗಿರುವ ಬಾಡಿಯ ಮೇಲೆ ಮಾತ್ರ ಇದನ್ನು ಮಾಡಬೇಕು. ಫ್ಲೈಓವರ್, ಮೆಟ್ರೋ ಕೆಲಸದ ಕೆಳಗೆ ಹೋಗುವಾಗ ಹಾರುವ ಸಿಮೆಂಟ್ ಹನಿಗೂ ಇದೇ ಉಪಾಯ. ಹಸಿ ಇದ್ದಾಗಲೇ ತೊಳೆದರೆ ವಿನೆಗರ್ ಕೂಡ ಬೇಕಿಲ್ಲ.

ರಾತ್ರಿ ಹೈವೇಯಲ್ಲಿ ಬಂದಾಗ ಬಂಪರ್‌ಗೆ ಅಂಟುವ ಹುಳುಗಳನ್ನು ಹಿಕ್ಕೆಯ ಹಾಗೆಯೇ ನೆನೆಸಿ ತೆಗೆಯಿರಿ. ಹೊಸ ಟಾರ್ ರಸ್ತೆಯ ಕಪ್ಪು ಚುಕ್ಕೆಗೆ ಕೊಬ್ಬರಿ ಎಣ್ಣೆ ಹಚ್ಚಿ ಹತ್ತು ನಿಮಿಷ ಬಿಟ್ಟರೆ ಮೆತ್ತಗಾಗುತ್ತದೆ.

ಆಯುಧ ಪೂಜೆಯ ಮಾತು ಎತ್ತದೇ ಈ ಉತ್ತರ ಮುಗಿಸಲಾಗದು. ಪೂಜೆ ಮಾಡಿ, ಖಂಡಿತ ಮಾಡಿ. ಅರಿಶಿನ, ಕುಂಕುಮ, ವಿಭೂತಿಯನ್ನು ಪೇಂಟ್ ಮೇಲೆ ಇಡುವ ಬದಲು ಮುಂದಿನ ಗ್ಲಾಸಿನ ಮೂಲೆಯಲ್ಲಿ ಇಡಿ, ಗಾಜಿನಿಂದ ಏನಿದ್ದರೂ ಹೋಗುತ್ತದೆ. ಕಪ್ಪು ಪ್ಲಾಸ್ಟಿಕ್ ಮೇಲೆ ಇಟ್ಟರೆ ಅದರ ಸಣ್ಣ ಸಣ್ಣ ಗುಳಿಗಳಲ್ಲಿ ಕೂತು ಪ್ರಾಣ ತಿನ್ನುತ್ತದೆ. ಅಂಗಡಿ ಕುಂಕುಮದಲ್ಲಿ ಬಣ್ಣ ಬೆರೆಸಿರುವುದೇ ಜಾಸ್ತಿ, ಅದನ್ನು ಅವತ್ತೇ ಸಂಜೆ ತೆಗೆದುಬಿಡಿ. ಒದ್ದೆ ಹೂವಿನ ಹಾರ ಎರಡು ಮೂರು ದಿನ ಬಾನೆಟ್ ಮೇಲೆ ಬಾಡಿ ಕೊಳೆಯಲು ಬಿಡಬೇಡಿ. ಬಾಳೆಕಂದು ಕಟ್ಟಲು ಅಂಟಿಸಿದ ಟೇಪಿನ ಗೋಂದು ಉಳಿದರೆ ಅದಕ್ಕೂ ಕೊಬ್ಬರಿ ಎಣ್ಣೆಯೇ. ಬೂದುಗುಂಬಳಕಾಯಿ ಒಡೆಯುವವರಿಗೆ ಕಾರಿನಿಂದ ನಾಲ್ಕು ಹೆಜ್ಜೆ ದೂರ ನಿಲ್ಲಲು ಹೇಳಿ. ಬಿಳಿ ಕಾರಿನವರು ಅರಿಶಿನದ ಕಲೆಗೆ ಗಾಬರಿಯಾಗುವುದು ಬೇಡ. ಒರೆಸಿ ಉಳಿದ ಹಳದಿ ಬಿಸಿಲಿಗೆ ತಾನಾಗಿಯೇ ಇಳಿಯುತ್ತದೆ, ಅರಿಶಿನದ ಬಣ್ಣ ಬೆಳಕು ತಡೆಯುವುದಿಲ್ಲ.

ಈಗ ವಾರಕ್ಕೊಮ್ಮೆಯ ಒರೆಸುವಿಕೆ. ಬೆಂಗಳೂರು ಜಲಮಂಡಳಿ 2024ರ ಮಾರ್ಚ್‌ನಲ್ಲಿ ಕುಡಿಯುವ ನೀರಲ್ಲಿ ವಾಹನ ತೊಳೆಯಬಾರದು, ತೊಳೆದರೆ 5,000 ರೂಪಾಯಿ ದಂಡ ಅಂತ ಆದೇಶ ಮಾಡಿತು. ದಂಡದ ಮಾತು ಹಾಗಿರಲಿ, ಪೈಪ್ ಹಿಡಿದು ತೊಳೆದರೆ ನೂರಾರು ಲೀಟರ್ ಸುಮ್ನೆ ಹರಿದುಹೋಗುತ್ತದೆ. ಅಷ್ಟು ಬೇಕಾಗಿಯೂ ಇಲ್ಲ. ರಿನ್ಸ್‌ಲೆಸ್ ವಾಶ್ ಅನ್ನುವ ದ್ರಾವಣ ಈಗ ಆನ್‌ಲೈನ್‌ನಲ್ಲಿ, ಕಾರ್ ಆ್ಯಕ್ಸೆಸರಿ ಅಂಗಡಿಗಳಲ್ಲಿ ಸಿಗುತ್ತದೆ. ಮೊದಲು ಹೆಸರಾದದ್ದು ಆಪ್ಟಿಮಮ್ ನೋ ರಿನ್ಸ್, ಅದೇ ಥರದ್ದು ಈಗ ಬೇಕಾದಷ್ಟಿವೆ. ಇದರಲ್ಲಿರುವ ಪಾಲಿಮರ್‌ಗಳು ಕೊಳೆಯ ಕಣವನ್ನು ಸುತ್ತುವರಿದು ಪೇಂಟ್‌ಗೆ ನೇರವಾಗಿ ತಾಗದ ಹಾಗೆ ಜಾರಿಸುತ್ತವೆ. ನೊರೆ ಇಲ್ಲ, ತೊಳೆದು ತೆಗೆಯಬೇಕಾಗಿಲ್ಲ. ಏಳೆಂಟು ಲೀಟರ್ ನೀರಿಗೆ 30 ಎಂಎಲ್ ಹಾಕಿದರೆ ಒಂದು ಹ್ಯಾಚ್‌ಬ್ಯಾಕ್‌ಗೆ ಧಾರಾಳ. ಬೇರೆ ಕಂಪನಿಯದಾದರೆ ಬಾಟಲಿ ಮೇಲಿನ ಅಳತೆ ನೋಡಿ.

ಬಟ್ಟೆ ಆರೇಳು ಬೇಕು. 300ರಿಂದ 400 ಜಿಎಸ್‌ಎಮ್‌ನ (ಅಂದರೆ ಚದರ ಮೀಟರಿಗೆ ಅಷ್ಟು ಗ್ರಾಂ ತೂಗುವ) ಮೈಕ್ರೋಫೈಬರ್ ತಗೊಳ್ಳಿ, ಅಂಚಿನ ಲೇಬಲ್ ಕತ್ತರಿಸಿ ಎಸೆಯಿರಿ. ಅಷ್ಟೂ ಬಟ್ಟೆಯನ್ನು ಬಕೆಟ್‌ನಲ್ಲಿ ನೆನೆಸಿ. ಕಾರು ನೆರಳಲ್ಲಿ ತಣ್ಣಗಿರಬೇಕು. ಮೊದಲು ಸ್ಪ್ರೇ ಬಾಟಲಿಯಿಂದ ಅದೇ ದ್ರಾವಣವನ್ನು ಒಂದು ಪ್ಯಾನೆಲ್ ಮೇಲೆ ಹೊಡೆದು ಒಂದು ನಿಮಿಷ ನೆನೆಯಲು ಬಿಡಿ. ಬಟ್ಟೆಯನ್ನು ಎರಡು ಸಲ ಮಡಚಿದರೆ ಎಂಟು ಮುಖ ಸಿಗುತ್ತದೆ. ಒಂದು ಮುಖ, ಒಂದು ಎಳೆತ, ನೇರ ಗೆರೆ. ಮುಂದಿನ ಎಳೆತಕ್ಕೆ ಹೊಸ ಮುಖ. ಎಂಟೂ ಕೊಳೆಯಾದ ಬಟ್ಟೆ ಮತ್ತೆ ಬಕೆಟ್‌ಗೆ ಹೋಗಬಾರದು, ಅದನ್ನು ಪಕ್ಕಕ್ಕೆ ಹಾಕಿ. ಇಡೀ ವಿಧಾನದ ಗುಟ್ಟು ಇದೊಂದೇ: ಕೊಳೆ ಮುಟ್ಟಿದ ಬಟ್ಟೆ ಶುದ್ಧ ನೀರನ್ನು ಮತ್ತೆ ಮುಟ್ಟಬಾರದು. ರೂಫ್‌ನಿಂದ ಶುರು ಮಾಡಿ, ಗ್ಲಾಸ್, ಬಾನೆಟ್, ಬಾಗಿಲಿನ ಮೇಲರ್ಧ. ಬಾಗಿಲಿನ ಕೆಳಭಾಗ ಮತ್ತು ಬಂಪರ್ ಕೊನೆಗೆ, ಬೇರೆ ಬಟ್ಟೆಯಲ್ಲಿ. ಚಕ್ರದ ಬಟ್ಟೆ ಜನ್ಮದಲ್ಲಿ ಪೇಂಟ್ ಮುಟ್ಟಬಾರದು. ಬ್ರೇಕ್‌ನಿಂದ ಉದುರುವ ಪುಡಿಯಲ್ಲಿ ಕಬ್ಬಿಣ ಇರುತ್ತದೆ, ಮುಂದಿನ ಚಕ್ರಗಳಲ್ಲಿ ಅದು ಜಾಸ್ತಿ. ಒದ್ದೆ ಇರುವಾಗಲೇ ಇನ್ನೊಂದು ಒಣ ಬಟ್ಟೆಯನ್ನು ಹರವಿ, ಮೇಲಿಂದ ತಟ್ಟಿ ನೀರು ಹೀರಿಸಿ.

ಕೆಸರು ಬಡಿದಿದ್ದರೆ ಮಾತ್ರ ಈ ವಿಧಾನ ನಡೆಯುವುದಿಲ್ಲ. ಆಗ ಮೊದಲು ನೀರು ಹಾಯಿಸಿ ಕೆಸರನ್ನು ಇಳಿಸಲೇಬೇಕು.

ನೀರಿನದೇ ಒಂದು ರಗಳೆ ಇದೆ. ಬೋರ್‌ವೆಲ್, ಟ್ಯಾಂಕರ್ ನೀರು ಗಡಸು. ಕಾರಿನ ಮೇಲೆ ಒಣಗಲು ಬಿಟ್ಟರೆ ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಬಿಳಿ ಉಂಗುರವಾಗಿ ಉಳಿಯುತ್ತದೆ. ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧೀಕರಿಸುವ ಘಟಕದ ನೀರಿನದೂ ಅದೇ ಹಣೆಬರಹ. ಬಹಳ ಮನೆಗಳಲ್ಲಿ ಆರ್‌ಓ ಫಿಲ್ಟರ್ ಹೊರಬಿಡುವ ವೇಸ್ಟ್ ನೀರನ್ನು ಹಿಡಿದಿಟ್ಟು ಕಾರಿಗೆ ಬಳಸುತ್ತಾರೆ. ಉದ್ದೇಶ ಒಳ್ಳೆಯದು, ಆದರೆ ಫಿಲ್ಟರ್ ತೆಗೆದ ಲವಣವೆಲ್ಲ ಸೇರಿಕೊಂಡಿರುವುದು ಆ ನೀರಲ್ಲೇ. ಅದನ್ನು ನೆಲ ಒರೆಸಲು ಬಳಸಿ. ಕಾರಿಗೆ ಎಸಿಯಿಂದ ತೊಟ್ಟಿಕ್ಕುವ ನೀರು ಹಿಡಿದಿಡಿ. ಗಾಳಿಯ ತೇವ ತಣ್ಣಗಾಗಿ ಇಳಿದ ನೀರದು, ಅದರಲ್ಲಿ ಲವಣ ಇಲ್ಲವೇ ಇಲ್ಲ ಅನ್ನಬಹುದು. ಎಸಿ ಇಲ್ಲದಿದ್ದರೆ ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಂದು ಕ್ಯಾನ್ ತಂದರೆ ಸ್ಪ್ರೇ ಬಾಟಲಿಗೆ ತಿಂಗಳುಗಟ್ಟಲೆ ಬರುತ್ತದೆ.

ಬಟ್ಟೆ ಒಗೆಯುವುದರಲ್ಲೂ ಒಂದು ಎಚ್ಚರ. ಮೈಕ್ರೋಫೈಬರನ್ನು ಮನೆಯ ಟವಲ್‌ಗಳ ಜೊತೆ ಹಾಕಬೇಡಿ, ಹತ್ತಿಯ ಎಳೆಗಳು ಅದಕ್ಕೆ ಹತ್ತಿಕೊಳ್ಳುತ್ತವೆ. ಲಿಕ್ವಿಡ್ ಸೋಪು ಸ್ವಲ್ಪ ಸಾಕು. ಘಮಘಮ ಬರಲಿ ಅಂತ ಹಾಕುವ ಸಾಫ್ಟ್‌ನರ್ ಮಾತ್ರ ಬೇಡ, ಅದು ಎಳೆಗಳ ಸಂದು ಮುಚ್ಚಿ ನೀರು ಹೀರದ ಹಾಗೆ ಮಾಡುತ್ತದೆ. ಕೈ ಜಾರಿ ನೆಲಕ್ಕೆ ಬಿದ್ದ ಬಟ್ಟೆ ಅವತ್ತಿಗೆ ರಿಟೈರ್ಡ್. ಕೊಡವಿ ಮತ್ತೆ ಬಳಸುವುದು ಬೇಡ. ಕಾರಿಗೂ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಬೇಡಿ, ಇರುವ ವ್ಯಾಕ್ಸನ್ನೂ ಅದು ಎತ್ತಿಕೊಂಡು ಹೋಗುತ್ತದೆ. ಡೀಸೆಲ್ ಬೆರೆಸಿ ಒರೆಸುವ ಹಳೇ ಪದ್ಧತಿ ಇನ್ನೂ ಕೆಲವು ಕಡೆ ಇದೆ. ಆ ಹೊತ್ತಿಗೆ ಹೊಳೆಯುತ್ತದೆ ನಿಜ, ಸಂಜೆಯಷ್ಟರಲ್ಲಿ ಆ ಜಿಡ್ಡಿಗೆ ಎರಡು ಪಾಲು ಧೂಳು ಅಂಟಿರುತ್ತದೆ.

ಮಳೆಗಾಲದಲ್ಲಿ ಬಾಡಿಗಿಂತ ಜಾಸ್ತಿ ನೋಡಬೇಕಾದ ಜಾಗ ಬೇರೆ. ಬಾನೆಟ್ ಎತ್ತಿ, ಮುಂದಿನ ಗ್ಲಾಸಿನ ಬುಡದಲ್ಲಿ, ವೈಪರ್ ಕೆಳಗಿನ ಸಂದನ್ನು ನೋಡಿ. ಮರದ ಕೆಳಗೆ ನಿಲ್ಲುವ ಕಾರಿನಲ್ಲಿ ಅಲ್ಲಿ ಎಲೆ, ಹೂವಿನ ತೊಟ್ಟು ತುಂಬಿ ಗೊಬ್ಬರವಾಗಿರುತ್ತದೆ. ಗ್ಲಾಸಿನಿಂದ ಇಳಿದ ನೀರು ಹೊರಹೋಗುವ ತೂತು ಅಲ್ಲೇ ಇರುವುದು. ಅದು ಕಟ್ಟಿಕೊಂಡರೆ ನೀರು ಒಳಗೆ ನುಗ್ಗಿ ಕಾಲಡಿಯ ಮ್ಯಾಟ್ ಒದ್ದೆಯಾಗುತ್ತದೆ. ವಾರಕ್ಕೊಮ್ಮೆ ಕೈ ಹಾಕಿ ಎಲೆ ಎತ್ತಿ. ಮಲೆನಾಡಿನ ಕಡೆ ಹೋಗಿ ಬಂದರೆ ಮಡ್‌ಗಾರ್ಡ್ ಒಳಗೆ ಕೆಂಪು ಮಣ್ಣು ಮೆತ್ತಿರುತ್ತದೆ. ತೇವ ಹಿಡಿದಿಟ್ಟು ತುಕ್ಕಿಗೆ ದಾರಿ ಮಾಡುವುದು ಅದೇ. ಮಲ್ಪೆ, ಗೋಕರ್ಣದ ಬೀಚಿನ ಪಕ್ಕ ಎರಡು ದಿನ ನಿಂತ ಕಾರಾದರೆ ಊರಿಗೆ ಬಂದ ಕೂಡಲೇ ಕೆಳಗಿನಿಂದಲೂ ನೀರು ಹೊಡೆಸಿ. ಉಪ್ಪನ್ನು ಒರೆಸಿ ತೆಗೆಯಲು ಹೋಗಬೇಡಿ, ಅದಕ್ಕೆ ನೀರೇ ಬೇಕು.

ಕವರ್ ಬಗ್ಗೆ ಕೇಳಿದ್ದೀರಿ. ನೀವು ದಿನಾ ಕಾರು ಓಡಿಸುವವರಾದರೆ ಕವರ್ ಬೇಡ. ಧೂಳಿರುವ ಕಾರಿನ ಮೇಲೆ ಕವರ್ ಎಳೆದರೆ ಆ ಎಳೆತದಲ್ಲೇ ಗೀರು. ರಾತ್ರಿ ಗಾಳಿಗೆ ಕವರ್ ಪಟಪಟ ಬಡಿದರೆ ಮತ್ತಷ್ಟು. ಪ್ಲಾಸ್ಟಿಕ್ ಕವರ್ ಮಳೆಗಾಲದಲ್ಲಿ ತೇವವನ್ನು ಒಳಗೇ ಕೂಡಿಹಾಕುತ್ತದೆ. ಎರಡು ಮೂರು ವಾರ ಊರಿಗೆ ಹೋಗುವಾಗ, ಕಾರು ತೊಳೆದು ಪೂರ್ತಿ ಒಣಗಿದ ಮೇಲೆ, ಗಾಳಿಯಾಡುವ ಬಟ್ಟೆಯ ಕವರನ್ನು ಕೆಳಗೆ ಬಿಗಿಯಾಗಿ ಕಟ್ಟಿ ಹಾಕುವುದಾದರೆ ಸರಿ. ನಿಮ್ಮ ಹಾಗೆ ಮಾವಿನ ಮರದ ಕೆಳಗೆ ನಿಲ್ಲುವ ಕಾರಿಗೆ ಆಗ ಅದು ನಿಜಕ್ಕೂ ಉಪಕಾರ.

ಸೆರಾಮಿಕ್ ಕೋಟಿಂಗ್ ವಿಷಯದಲ್ಲಿ ಅಂಗಡಿಯವರು 9ಎಚ್ ಗಟ್ಟಿತನ ಅಂತ ಬೋರ್ಡ್ ಹಾಕಿರುತ್ತಾರೆ. ಅದು ಪೆನ್ಸಿಲ್‌ನಿಂದ ಗೀಚಿ ನೋಡುವ ಗಟ್ಟಿತನದ ಅಳತೆ. ಮೇಲೆ ಬೆಣಚುಕಲ್ಲಿಗೆ 7 ಅಂದೆನಲ್ಲ, ಆ ಮೋಸ್ ಅಳತೆಗೂ ಇದಕ್ಕೂ ಸಂಬಂಧವಿಲ್ಲ. ಕೋಟಿಂಗ್ ಮೇಲೆ ಮರಳು ಉಜ್ಜಿದರೆ ಕೋಟಿಂಗ್‌ಗೂ ಗೀರು ಬೀಳುತ್ತದೆ. ಅದರ ನಿಜವಾದ ಲಾಭ ಬೇರೆ. ನೀರು ಹನಿಯಾಗಿ ಉರುಳುತ್ತದೆ, ಕೊಳೆ ಗಟ್ಟಿಯಾಗಿ ಕಚ್ಚುವುದಿಲ್ಲ, ಒರೆಸುವುದು ಸುಲಭ. ಹಿಕ್ಕೆಗೆ ಸ್ವಲ್ಪ ಹೆಚ್ಚು ಹೊತ್ತು ತಡೆಯುತ್ತದೆ, ಪೂರ್ತಿ ಅಲ್ಲ. ಗಡಸು ನೀರಿನ ಹನಿ ಮಾತ್ರ ಕೋಟಿಂಗ್ ಮೇಲೆ ದುಂಡಗೆ ನಿಂತು ಒಣಗಿ ಇನ್ನೂ ಎದ್ದು ಕಾಣುವ ಕಲೆ ಬಿಡುತ್ತದೆ. ದಿನಾ ಕೆಂಪು ನೀರಲ್ಲಿ ಒರೆಸುವುದು ಮುಂದುವರಿದರೆ ಆ ಹಣವೆಲ್ಲ ನೀರಲ್ಲಿ ಹೋಮ. ಅಷ್ಟು ಖರ್ಚು ಬೇಡ ಅನ್ನುವವರಿಗೆ ಎರಡು ಮೂರು ತಿಂಗಳಿಗೊಮ್ಮೆ ಹಚ್ಚುವ ಸ್ಪ್ರೇ ಸೀಲೆಂಟ್ (ಮೇಣದ ಥರ ಪೇಂಟ್ ಕಾಯುವ ದ್ರಾವಣ) ಸಾಕು. ತೊಳೆದು ಒಣಗಿಸಿದ ಮೇಲೆ ಅರ್ಧ ಗಂಟೆಯ ಕೆಲಸ. ಬ್ರೆಜಿಲ್‌ನ ತಾಳೆ ಜಾತಿಯ ಮರದ ಎಲೆಯಿಂದ ತೆಗೆದ ಕಾರ್ನೌಬಾ ಮೇಣ ಇನ್ನೂ ಚಂದ ಹೊಳೆಯುತ್ತದೆ, ಆದರೆ ನಮ್ಮ ಬಿಸಿಲಿಗೆ ಒಂದೆರಡು ತಿಂಗಳಿಗಿಂತ ಜಾಸ್ತಿ ನಿಲ್ಲುವುದಿಲ್ಲ.

ಈಗಾಗಲೇ ಬಿದ್ದಿರುವ ಗೀರಿಗೆ ಮಷಿನ್ ಪಾಲಿಶ್ ಒಂದೇ ದಾರಿ. ಉಗುರು ಎಳೆದಾಗ ತಡೆಯದ ಗೀರು, ಮಂಕು ಕಲೆ ಎಲ್ಲ ಬಹುಪಾಲು ಹೋಗುತ್ತದೆ. ಆದರೆ ಪಾಲಿಶ್ ಗೀರನ್ನು ತುಂಬುವುದಿಲ್ಲ, ಸುತ್ತಲಿನ ಕ್ಲಿಯರ್ ಕೋಟನ್ನು ಕೆಲವು ಮೈಕ್ರಾನ್ ತೆಳುವಾಗಿಸಿ ಮಟ್ಟ ಮಾಡುತ್ತದೆ. ಇರುವುದೇ 35ರಿಂದ 50. ವರ್ಷಕ್ಕೆರಡು ಸಲ ಮಾಡಿಸುವ ವಿಷಯ ಅಲ್ಲ ಇದು. ಪೇಂಟ್ ದಪ್ಪ ಅಳೆಯುವ ಮೀಟರ್ ಇಟ್ಟುಕೊಂಡು, ಮೊದಲು ಅಳತೆ ತೋರಿಸಿ, ಒಂದು ಸಣ್ಣ ಚೌಕದಲ್ಲಿ ಮಾಡಿ ತೋರಿಸುವವರ ಹತ್ತಿರ ಹೋಗಿ. ಮೀಟರ್ ಯಾಕೆ ಸಾರ್ ಅನ್ನುವವರ ಅಂಗಡಿಯಿಂದ ವಾಪಸ್ ಬನ್ನಿ. ಅದಕ್ಕೂ ಮುಂಚೆ ಒಂದೆರಡು ತಿಂಗಳು ಹೊಸ ರೀತಿಯಲ್ಲಿ ಒರೆಸಿ ಎಲ್ಲರ ಕೈಗೂ ಅಭ್ಯಾಸವಾಗಲಿ. ಪಾಲಿಶನ್ನು ಮಾವಿನ ಹೂವಿನ ಕಾಲಕ್ಕೆ ಮುಂಚೆ, ಮಳೆ ಪೂರ್ತಿ ನಿಂತ ಮೇಲೆ, ಅಂದರೆ ಡಿಸೆಂಬರ್ ಸುಮಾರಿಗೆ ಮಾಡಿಸಿ. ಮೇಲೆ ಕೋಟಿಂಗ್ ಬೇಕಾದರೆ ಅದೇ ದಿನ ಹಚ್ಚಿಸಿ, ಬೇಡವಾದರೆ ಸೀಲೆಂಟ್. ಹೊಸ ಕೋಟಿಂಗ್ ಗಟ್ಟಿಯಾಗಲು ಒಂದು ವಾರ ಬೇಕು. ಆ ವಾರ ಕಾರಿಗೆ ಶಾಂಪೂ ಮುಟ್ಟಿಸಬೇಡಿ, ಮಾವಿನ ಮರದಿಂದಲೂ ದೂರ ನಿಲ್ಲಿಸಿ.